ತೋಮಸ್ ಕ್ರಾನ್ಮರನ ಕಡೇ ಮಾತು

ಸಾಯುವವನು ಸುಳ್ಳಾಡನೆಂದು ನಮ್ಮ ಹಳ್ಳಿಗಳ ಹಿರಿಯರು ನಂಬುತ್ತಾರೆ. ಮನೆಯ ಯಜಮಾನನು ಕಡೇ ಗಳಿಗೆಯಲ್ಲಿ ಹೇಳಿದ ಮಾತನ್ನು ಮಕ್ಕಳು ಬರೆದಿಟ್ಟ ಪತ್ರಕ್ಕಿಂತಲೂ ಹೆಚ್ಚಾಗಿ ಎಣಿಸುವರು. ಹಾಸಿಗೆಯ ಮೇಲೆ ಸಾಯುವವನ ವಿಷಯದಲ್ಲಿ ಇದು ಸರಿಯಾಗಿರಬಹುದು. ಆದರೆ ಅರಸನ ತೀರ್ಪಿನಿಂದ, ಜನರ ಗುಂಪಿನ ಎದುರಿನಲ್ಲಿ, ಕಾವಲುಗಾರರ ನಡುವೆ ನಿಂತು ಸಾಯುವವನು ಆಡುವ ಮಾತು ಯಾರದು? ಅವನದೋ, ಅವನನ್ನು ಕೊಲ್ಲಿಸುವವರದೋ? ಈ ಪ್ರಶ್ನೆಗೆ ಉತ್ತರ ಕೊಡತಕ್ಕ ಒಂದು ಜೀವಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ. ಇದು ಹೆದರಿ, ಬಿದ್ದು, ಕಡೇ ದಿವಸದಲ್ಲಿ ಎದ್ದ ಒಬ್ಬ ಮುದುಕನ ಚರಿತ್ರೆಯಾಗಿರುತ್ತದೆ.

ತೋಮಸ್ ಕ್ರಾನ್ಮರನು ೧೪೮೯ನೇ ಇಸವಿ ಜುಲೈ ೨ನೇ ತಾರೀಖಿನಲ್ಲಿ ಇಂಗ್ಲೆಂಡ್ ದೇಶದ ನಾಟಿಂಗ್‌ಹ್ಯಾಮ್ ಸೀಮೆಗೆ ಸೇರಿದ ಆಸ್ಲಾಕ್ಟನ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಅವನ ತಂದೆಯು ಸಾಧಾರಣ ಭೂಮಿಯುಳ್ಳ ಗೃಹಸ್ಥನಾಗಿದ್ದು, ಮಗನು ಹನ್ನೆರಡು ವರುಷದವನಾಗಿದ್ದಾಗಲೇ ತೀರಿಹೋದನು. ಕ್ರಾನ್ಮರನು ಹದಿನಾಲ್ಕನೇ ವಯಸ್ಸಿನಲ್ಲಿ ಕೇಂಬ್ರಿಜ್ ಪಟ್ಟಣಕ್ಕೆ ಓದಲು ಹೋದನು. ಅವನ ಬುದ್ಧಿಯು ನಿಧಾನವಾದದ್ದು; ಇತರರು ನಾಲ್ಕು ವರುಷಗಳಲ್ಲಿ ಮುಗಿಸುವ ಓದಿಗೆ ಅವನಿಗೆ ಎಂಟು ವರುಷಗಳು ಹಿಡಿದವು. ಆದರೆ ಒಮ್ಮೆ ಓದಿದ್ದನ್ನು ಅವನು ಬಿಡುತ್ತಿರಲಿಲ್ಲ. ಕಾಲೇಜಿನಲ್ಲಿ ಕೆಲಸ ಸಿಕ್ಕಿದ ಮೇಲೆ ಜೋನ್ ಎಂಬವಳನ್ನು ಮದುವೆಮಾಡಿಕೊಂಡದ್ದರಿಂದ, ಅಲ್ಲಿನ ಕಟ್ಟಳೆಯ ಪ್ರಕಾರ ಕೆಲಸವನ್ನು ಕಳಕೊಂಡನು. ಅವಳು ಹೆರಿಗೆಯಲ್ಲಿ ತೀರಿಹೋದ ಮೇಲೆ ಕಾಲೇಜಿನವರು ಅವನನ್ನು ತಿರಿಗಿ ಸೇರಿಸಿಕೊಂಡರು. ಬಳಿಕ ಅವನು ಪಾದ್ರಿಯಾಗಿ, ಸತ್ಯವೇದವನ್ನು ಶ್ರದ್ಧೆಯಿಂದ ಅಭ್ಯಾಸಮಾಡುತ್ತಾ, ನಲವತ್ತು ವರುಷದ ವರೆಗೂ ಹೆಸರಿಲ್ಲದ ಪಂಡಿತನಾಗಿ ಬಾಳಿದನು.

ಆ ಕಾಲದಲ್ಲಿ ಇಂಗ್ಲೆಂಡಿನ ಅರಸನಾದ ಎಂಟನೇ ಹೆನ್ರಿಯು ಗಂಡು ಸಂತಾನವಿಲ್ಲವೆಂಬ ಕಾರಣದಿಂದ ತನ್ನ ಹೆಂಡತಿಯಾದ ಕ್ಯಾಥರೀನಳ ವಿವಾಹವು ನಿಲ್ಲತಕ್ಕದ್ದಲ್ಲವೆಂಬ ತೀರ್ಪನ್ನು ಬಯಸಿದನು. ರೋಮಾಪುರಿಯ ಪೋಪನು ಅದನ್ನು ಕೊಡಲಿಲ್ಲ. ೧೫೨೯ರಲ್ಲಿ ಕ್ರಾನ್ಮರನು ಅರಸನ ಇಬ್ಬರು ಮಂತ್ರಾಲೋಚಕರನ್ನು ಅಕಸ್ಮಾತ್ತಾಗಿ ಸಂಧಿಸಿ, ಈ ವಿಷಯದಲ್ಲಿ ವಿದ್ಯಾಪೀಠಗಳ ಪಂಡಿತರ ಅಭಿಪ್ರಾಯವನ್ನು ಕೇಳಬಹುದೆಂದು ಸೂಚಿಸಿದನು. ಆ ಒಂದು ಮಾತಿನಿಂದ ಅವನು ಅರಮನೆಗೆ ಬಂದನು. ೧೫೩೨ರಲ್ಲಿ ಜರ್ಮನಿಗೆ ರಾಯಭಾರಿಯಾಗಿ ಹೋಗಿದ್ದಾಗ ಅಲ್ಲಿನ ಸುಧಾರಣೆಯ ಬೋಧಕರ ಸ್ನೇಹ ಮಾಡಿ, ನ್ಯೂರೆಂಬರ್ಗಿನಲ್ಲಿ ಮಾರ್ಗರೇಟಳೆಂಬವಳನ್ನು ಗುಪ್ತವಾಗಿ ಮದುವೆಯಾದನು. ೧೫೩೩ನೇ ಮಾರ್ಚ್ ೩೦ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪನಾಗಿ ಪ್ರತಿಷ್ಠಿಸಲ್ಪಟ್ಟು, ಎರಡು ತಿಂಗಳೊಳಗೆ ಅರಸನು ಬಯಸಿದ ತೀರ್ಪನ್ನು ಕೊಟ್ಟನು. ಆಗಿನಿಂದ ಅವನ ಜೀವಮಾನವೆಲ್ಲಾ ಒಂದು ಮಾತಿನ ಮೇಲೆ ನಿಂತಿತು: ಅರಸನು ದೇವರಿಂದ ನೇಮಿಸಲ್ಪಟ್ಟವನು, ಅವನಿಗೆ ವಿಧೇಯರಾಗತಕ್ಕದ್ದು. ಈ ಮಾತನ್ನು ವಾಚಕರು ಜ್ಞಾಪಕದಲ್ಲಿಡಬೇಕು. ಕಡೆಗೆ ಇದೇ ಅವನಿಗೆ ಉರುಲಾಯಿತು.

ಹೆನ್ರಿಯ ಸಿಟ್ಟಿಗೆ ಸಿಕ್ಕಿದವರು ಉಳಿಯುತ್ತಿರಲಿಲ್ಲ. ಅವರು ಸಾಯುವಾಗ ಆಡಬೇಕಾದ ಮಾತಿಗೆ ಒಂದು ವಾಡಿಕೆಯಿತ್ತು. ವಧಾಸ್ಥಾನದಲ್ಲಿ ಮರದ ಅಟ್ಟವನ್ನು ಕಟ್ಟುತ್ತಿದ್ದರು. ದಂಡನೆ ಹೊಂದುವವನು ಅದರ ಮೇಲೆ ನಿಂತು, ಕಾಯಿದೆಯು ತನಗೆ ತೀರ್ಪು ಕೊಟ್ಟಿರುವದೆಂದೂ ತಾನು ಅದಕ್ಕೆ ಎದುರು ಹೇಳುವದಿಲ್ಲವೆಂದೂ ಒಪ್ಪಿಕೊಳ್ಳುವನು. ತಾನು ದೇವರ ಮುಂದೆ ಪಾಪಿಯೆಂದು ಅರಿಕೆಮಾಡುವನು. ಅರಸನನ್ನು ಹೊಗಳಿ, ಅವನ ದೀರ್ಘಾಯುಸ್ಸಿಗಾಗಿ ಪ್ರಾರ್ಥಿಸುವನು. ತಲೆ ಕಡಿಯುವವನನ್ನು ಕ್ಷಮಿಸುವನು. ತನಗಾಗಿ ಪ್ರಾರ್ಥಿಸಬೇಕೆಂದು ಜನರನ್ನು ಬೇಡಿಕೊಂಡು ಮೊಣಕಾಲೂರುವನು. ನಿರಪರಾಧಿಯಾದರೂ ಹೀಗೆಯೇ ಮಾತಾಡುತ್ತಿದ್ದನು. ಯಾಕಂದರೆ ರಾಜದ್ರೋಹಿಯ ಆಸ್ತಿಯು ಅರಸನಿಗೆ ಸೇರುತ್ತಿತ್ತು. ಹೆಂಡತಿಮಕ್ಕಳು ಅರಸನ ದಯೆಯಿಂದಲೇ ಬದುಕಬೇಕಾಗಿತ್ತು. ಅವನು ಆಡುವ ಒಂದು ಬಿರುಸು ಮಾತಿನ ಸಾಲವನ್ನು ಮನೆಯವರು ತೀರಿಸಬೇಕಾಗಿ ಬರುತ್ತಿತ್ತು.

೧೫೩೬ನೇ ಮೇ ೧೯ರಲ್ಲಿ ಹೆನ್ರಿಯ ಎರಡನೆಯ ರಾಣಿಯಾದ ಆನ್ ಬೊಲಿನಳು ಹೀಗೆಯೇ ಸತ್ತಳು. ಅವಳು ಯಾರ ಮೇಲೂ ತಪ್ಪು ಹೊರಿಸದೆ, ತನ್ನನ್ನು ಕೊಲ್ಲಿಸುತ್ತಿದ್ದ ಗಂಡನನ್ನು ಸೌಮ್ಯನಾದ ಒಡೆಯನೆಂದು ಹೊಗಳಿದಳು. ಅವಳ ಮಗಳಾದ ಎಲಿಜಬೆತಳಿಗೆ ಆಗ ಮೂರು ವರುಷ ತುಂಬಿರಲಿಲ್ಲ. ಆದರೂ ಕಿವಿಯುಳ್ಳವರು ಒಂದನ್ನು ಗಮನಿಸಿದರು: ತೀರ್ಪನ್ನು ಒಪ್ಪಿಕೊಂಡಳೇ ಹೊರತು ಅಪರಾಧವನ್ನು ಒಪ್ಪಿಕೊಳ್ಳಲಿಲ್ಲ. ನಾಲ್ಕು ವರುಷಗಳ ತರುವಾಯ ಮಂತ್ರಿಯಾದ ತೋಮಸ್ ಕ್ರಾಮ್ವೆಲನೂ ಅದೇ ವಾಡಿಕೆಯನ್ನು ಅನುಸರಿಸಿ, ತಾನು ಸಾಯಲು ಬಂದೆನೇ ಹೊರತು ತಪ್ಪಿಲ್ಲದವನೆಂದು ವಾದಿಸಲು ಬರಲಿಲ್ಲವೆಂದು ಹೇಳಿ ಪ್ರಾಣಬಿಟ್ಟನು. ಈ ಇಬ್ಬರೂ ಕ್ರಾನ್ಮರನಿಗೆ ಉಪಕಾರ ಮಾಡಿದವರು. ಇಬ್ಬರಿಗಾಗಿಯೂ ಅವನು ಅರಸನಿಗೆ ಪತ್ರ ಬರೆದನು. ಆದರೆ ಅರಸನ ಮನಸ್ಸು ತಿರುಗದೆ ಇದ್ದಾಗ ತಾನೇ ತಲೆತಗ್ಗಿಸಿ, ಆನ್ ರಾಣಿಯ ವಿವಾಹವನ್ನೂ ರದ್ದುಮಾಡಿ ತೀರ್ಪು ಬರೆದನು.

೧೫೪೭ರಲ್ಲಿ ಹೆನ್ರಿಯು ಕ್ರಾನ್ಮರನ ಕೈ ಹಿಡಿದುಕೊಂಡೇ ಸತ್ತನು. ಒಂಬತ್ತು ವರುಷದ ಎಡ್ವರ್ಡನು ಪಟ್ಟಕ್ಕೆ ಬಂದನು. ಈಗ ಕ್ರಾನ್ಮರನು ತನಗೆ ದೇವರು ಕೊಟ್ಟ ವರವನ್ನು ಪೂರ್ಣವಾಗಿ ಉಪಯೋಗಿಸಿದನು. ಆ ವರವು ಜನರ ಬಾಯಿಗೆ ಪ್ರಾರ್ಥನೆಯ ಮಾತುಗಳನ್ನು ಒದಗಿಸಿಕೊಡುವದೇ. ಅದು ವರೆಗೆ ಆರಾಧನೆಯು ಲಾಟಿನ್ ಭಾಷೆಯಲ್ಲಿತ್ತು. ಒಕ್ಕಲಿಗನೂ ನೇಕಾರನೂ ತಿಳಿಯದ ಮಾತುಗಳನ್ನು ಕೇಳಿ ಮನೆಗೆ ಹೋಗುತ್ತಿದ್ದರು. ೧೫೪೯ರಲ್ಲಿಯೂ, ತಿದ್ದುಪಾಟಿನೊಡನೆ ೧೫೫೨ರಲ್ಲಿಯೂ ಅವನ ಸಾಮಾನ್ಯ ಪ್ರಾರ್ಥನೆಯ ಪುಸ್ತಕವು ಪ್ರಕಟವಾಯಿತು. ಪಾಪದ ಅರಿಕೆ, ಮದುವೆ, ಮಗುವಿನ ಸ್ನಾನದೀಕ್ಷೆ, ಹೂಣಿಡುವಿಕೆ, ಕರ್ತನ ಭೋಜನ ಇವೆಲ್ಲವುಗಳ ಮಾತುಗಳು ಇಂಗ್ಲಿಷ್ ಜನರ ಸ್ವಂತ ಭಾಷೆಯಲ್ಲಿ ಅವರಿಗೆ ದೊರೆತವು. ೧೯೪೭ರಲ್ಲಿ ಒಂದುಗೂಡಿದ ದಕ್ಷಿಣ ಇಂಡಿಯಾ ಸಭೆಗೂ ಆಂಗ್ಲಿಕನ್ ಸಭೆಯವರ ಮೂಲಕವಾಗಿ ಆ ಪುಸ್ತಕದ ಪಾಲು ಬಂದಿದೆ.

ಆದರೂ ಸತ್ಯವನ್ನು ಮರೆಮಾಡಬಾರದು. ಇದೇ ಕೈಯು ಇತರರ ಮರಣಕ್ಕೂ ಸೇರಿತು. ೧೫೩೮ರಲ್ಲಿ ಜಾನ್ ಲ್ಯಾಂಬರ್ಟನೆಂಬವನು, ಕರ್ತನ ಭೋಜನದ ರೊಟ್ಟಿಯಲ್ಲಿ ಕ್ರಿಸ್ತನ ಶರೀರವು ಇರುವ ವಿಷಯದಲ್ಲಿ ಸಭೆಯ ಬೋಧನೆಯನ್ನು ಒಪ್ಪದೆ ಹೋದದ್ದಕ್ಕಾಗಿ ಸುಡಲ್ಪಟ್ಟನು. ಅರಸನ ಮುಂದೆ ಅವನಿಗೆ ಎದುರಾಗಿ ವಾದಿಸಿದವರಲ್ಲಿ ಕ್ರಾನ್ಮರನು ಒಬ್ಬನು. ಹತ್ತು ವರುಷಗಳ ತರುವಾಯ ಕ್ರಾನ್ಮರನು ತಾನೇ ಲ್ಯಾಂಬರ್ಟನ ಅಭಿಪ್ರಾಯಕ್ಕೆ ಬಹಳ ಹತ್ತಿರವಾದದ್ದನ್ನು ನಂಬಿ ಬೋಧಿಸಿದನು. ೧೫೪೯ರಲ್ಲಿ ಜೋನ್ ಬೋಚರ್ ಎಂಬ ಹೆಂಗಸಿಗೆ ಪಾಷಂಡಿಯೆಂದು ತೀರ್ಪು ಕೊಟ್ಟವರಲ್ಲಿಯೂ ಅವನು ಇದ್ದನು. ಅವಳೂ ಬೆಂಕಿಯಲ್ಲಿ ಸತ್ತಳು. ಕಂಬದ ಬಳಿಯಲ್ಲಿ ನಿಂತವರ ಮಾತು ಎಷ್ಟು ಭಾರವಾದದ್ದೆಂದು ಅವನಿಗೆ ಆಗ ತಿಳಿಯಲಿಲ್ಲ.

೧೫೫೩ನೇ ಜುಲೈ ೬ರಲ್ಲಿ ಎಡ್ವರ್ಡನು ಹದಿನೈದನೇ ವಯಸ್ಸಿನಲ್ಲಿ ಸತ್ತನು. ಸುಧಾರಣೆಯು ಉಳಿಯಬೇಕೆಂದು ಮಂತ್ರಿಗಳು ಜೇನ್ ಗ್ರೇ ಎಂಬ ಹುಡುಗಿಯನ್ನು ಪಟ್ಟಕ್ಕೆ ಏರಿಸಿದರು. ಕ್ರಾನ್ಮರನು ಮನಸ್ಸಿಲ್ಲದೆ ಆ ಪತ್ರಕ್ಕೆ ರುಜುಹಾಕಿದನು. ಒಂಬತ್ತು ದಿವಸಗಳಲ್ಲಿ ಕ್ಯಾಥರೀನಳ ಮಗಳಾದ ಮೇರಿಯು ರಾಜ್ಯವನ್ನು ಹಿಡಿದಳು. ಅವಳು ರೋಮಾಪುರಿಯ ಸಭೆಗೆ ಮನಃಪೂರ್ವಕವಾಗಿ ಸೇರಿದವಳು. ತನ್ನ ತಾಯಿಯ ವಿವಾಹವನ್ನು ರದ್ದುಮಾಡಿದವನನ್ನು ಮರೆತಿರಲಿಲ್ಲ.

ಜೇನಳನ್ನು ಪಟ್ಟಕ್ಕೆ ತಂದವರಲ್ಲಿ ಮುಖ್ಯನಾದ ನಾರ್ತಂಬರ್ಲೆಂಡಿನ ಪ್ರಭುವಿಗೆ ಆ ಆಗಸ್ಟ್ ೨೨ರಲ್ಲಿ ಶಿರಚ್ಛೇದನವಾಯಿತು. ಅವನು ಅಟ್ಟದ ಮೇಲೆ ನಿಂತು, ತಾನು ಸುಧಾರಣೆಯ ಬೋಧಕರಿಂದ ಮೋಸಹೋದೆನೆಂದೂ ಹಳೇ ಸಭೆಯೇ ಸತ್ಯವಾದದ್ದೆಂದೂ ಹೇಳಿದನು. ಸರಕಾರದವರು ಆ ಮಾತುಗಳನ್ನು ಕೂಡಲೇ ಅಚ್ಚುಹಾಕಿಸಿ ಹಂಚಿದರು. ಸಾಯುವವನ ಬಾಯಿಂದ ಬಂದ ಒಂದು ಅರಿಕೆಯು ನೂರು ಪ್ರಸಂಗಗಳ ಕೆಲಸ ಮಾಡುವದೆಂದು ಅವರು ಕಂಡುಕೊಂಡರು. ಮುಂದಿನ ಫೆಬ್ರವರಿಯಲ್ಲಿ ಜೇನಳ ಸರದಿ ಬಂತು. ಹದಿನಾರೋ ಹದಿನೇಳೋ ವರುಷದ ಆ ಹುಡುಗಿಯು ತಾನು ಕಿರೀಟವನ್ನು ಅಂಗೀಕರಿಸಿದ್ದು ಕಾಯಿದೆಗೆ ವಿರೋಧವಾದದ್ದೆಂದು ಒಪ್ಪಿದಳು; ಆದರೆ ಅದನ್ನು ಬಯಸಿದ ದೋಷ ತನ್ನಲ್ಲಿಲ್ಲವೆಂದು ಹೇಳಿ, ತಾನು ಜೀವದಿಂದಿರುವಾಗಲೇ ತನಗಾಗಿ ಪ್ರಾರ್ಥಿಸಬೇಕೆಂದು ಜನರನ್ನು ಕೇಳಿಕೊಂಡಳು. ಸತ್ತವರಿಗಾಗಿ ಪ್ರಾರ್ಥಿಸುವ ಹಳೇ ಪದ್ಧತಿಯನ್ನು ತಾನು ಒಪ್ಪುವದಿಲ್ಲವೆಂಬದನ್ನು ಆ ಒಂದು ಮಾತಿನಲ್ಲಿ ಅಡಗಿಸಿಟ್ಟಳು. ವಾಡಿಕೆಯ ಬೇಲಿಯೊಳಗೇ ನಿಂತು ಸತ್ಯವನ್ನು ಹೇಳುವ ಜಾಣತನ ಅವಳಲ್ಲಿತ್ತು.

ಕ್ರಾನ್ಮರನಿಗೂ ರಾಜದ್ರೋಹಕ್ಕಾಗಿ ಮರಣದ ತೀರ್ಪಾಯಿತು. ಆದರೆ ಅವನನ್ನು ಪಾಷಂಡಿಯೆಂದು ವಿಚಾರಿಸಿ ದಂಡಿಸಬೇಕೆಂಬದು ರಾಣಿಯ ಇಷ್ಟ. ಆದಕಾರಣ ೧೫೫೪ರಲ್ಲಿ ಅವನನ್ನೂ ರಿಡ್ಲಿ, ಲ್ಯಾಟಿಮರ್ ಎಂಬ ಬಿಷಪರನ್ನೂ ಆಕ್ಸ್‌ಫರ್ಡ್ ಪಟ್ಟಣದ ಬೊಕಾರ್ಡೋ ಸೆರೆಮನೆಗೆ ಒಯ್ದರು. ಎಂಬತ್ತು ದಿವಸಗಳೊಳಗೆ ರೋಮಾಪುರಿಗೆ ಬಂದು ಉತ್ತರ ಕೊಡಬೇಕೆಂದು ಅವನಿಗೆ ಕರೆ ಬಂತು. ಸೆರೆಮನೆಯ ಬಾಗಿಲನ್ನು ಮಾತ್ರ ಯಾರೂ ತೆರೆಯಲಿಲ್ಲ. ೧೫೫೫ನೇ ಅಕ್ಟೋಬರ್ ೧೬ರಲ್ಲಿ ರಿಡ್ಲಿಯನ್ನೂ ಲ್ಯಾಟಿಮರನನ್ನೂ ಪಟ್ಟಣದ ಗೋಡೆಯ ಹೊರಗೆ ಸುಟ್ಟರು. ರಿಡ್ಲಿಯು ಕಂಬದ ಬಳಿಯಲ್ಲಿ ಎರಡು ಮಾತು ಆಡುವದಕ್ಕೆ ಅಪ್ಪಣೆ ಕೇಳಿದಾಗ, ಅವನು ತನ್ನ ನಂಬಿಕೆಯನ್ನು ತಪ್ಪೆಂದು ಹೇಳುವದಾದರೆ ಮಾತಾಡಬಹುದು, ಇಲ್ಲವಾದರೆ ಆಗದೆಂದು ಉತ್ತರ ಬಂತು. ವಾಚಕರೇ, ಇದನ್ನು ಚೆನ್ನಾಗಿ ಗಮನಿಸಿರಿ. ತಮಗೆ ಬೇಕಾದ ಮಾತನ್ನು ಆಡುವವನಿಗೆ ಮಾತ್ರ ಅಧಿಕಾರಿಗಳು ಬಾಯಿ ಬಿಡಲು ಅವಕಾಶ ಕೊಡುತ್ತಿದ್ದರು.

ಸ್ನೇಹಿತರ ಮರಣವನ್ನು ಸೆರೆಮನೆಯ ಮೇಲಿನಿಂದ ನೋಡುವಂತೆ ಕ್ರಾನ್ಮರನನ್ನು ನಿಲ್ಲಿಸಿದರು. ಅಂದಿನಿಂದ ಅವನು ಒಂಟಿಯಾದನು. ಸ್ಪೇನ್ ದೇಶದ ಸನ್ಯಾಸಿಗಳು ಅವನ ಸಂಗಡ ದಿನದಿನವೂ ವಾದಿಸಿದರು. ಕೆಲವು ವಾರಗಳ ವರೆಗೆ ಅವನನ್ನು ಸೆರೆಯಿಂದ ತೆಗೆದು ಒಳ್ಳೇ ಮನೆಯಲ್ಲಿಟ್ಟರು. ಬಳಿಕ ತಿರಿಗಿ ಸೆರೆಗೆ ಹಾಕಿದರು. ೧೫೫೬ನೇ ಫೆಬ್ರವರಿ ೧೪ರಲ್ಲಿ ಆರ್ಚ್‌ಬಿಷಪನ ಉಡುಪನ್ನು ಹೋಲುವ ಒರಟು ಬಟ್ಟೆಗಳನ್ನು ತೊಡಿಸಿ, ಒಂದೊಂದಾಗಿ ಕಳಚಿ, ಕೂದಲು ಕತ್ತರಿಸಿ, ಅವನ ಪದವಿಯನ್ನು ಕಿತ್ತುಕೊಂಡರು. ಇದೆಲ್ಲಕ್ಕಿಂತಲೂ ಅವನ ಸ್ವಂತ ಬೋಧನೆಯೇ ಅವನನ್ನು ಹೆಚ್ಚಾಗಿ ಬಾಧಿಸಿತು. ಅರಸನಿಗೆ ವಿಧೇಯರಾಗತಕ್ಕದ್ದೆಂದು ಇಪ್ಪತ್ತು ವರುಷ ಕಲಿಸಿದವನಿಗೆ, ರಾಣಿಯೇ ಪೋಪನನ್ನು ಒಪ್ಪಬೇಕೆಂದು ಆಜ್ಞಾಪಿಸುವಾಗ ಏನು ಉತ್ತರ? ಮರಣದ ಭಯವೂ ಈ ಗೊಂದಲವೂ ಸೇರಿ ಮುದುಕನು ಕುಸಿದನು. ಒಂದರ ಮೇಲೆ ಒಂದಾಗಿ ಆರು ಪತ್ರಗಳಿಗೆ ರುಜುಹಾಕಿದನು. ಮೊದಲಿನವುಗಳಲ್ಲಿ ನುಣುಚಿಕೊಳ್ಳುವ ಮಾತುಗಳಿದ್ದವು. ಕಡೆಯವುಗಳಲ್ಲಿ ತಾನು ಬೋಧಿಸಿದ್ದೆಲ್ಲಾ ಸುಳ್ಳೆಂದೂ ತಾನು ಮಹಾ ದೋಷಿಯೆಂದೂ ಒಪ್ಪಿಕೊಂಡನು.

ತಪ್ಪೊಪ್ಪಿಕೊಂಡು ಹಿಂದಿರುಗಿದವನನ್ನು ಸುಡದೆ ಬಿಡುವದು ಆ ಸಭೆಯ ವಾಡಿಕೆ. ಆದರೂ ರಾಣಿಯು ಅವನನ್ನು ಬಿಡಲೊಪ್ಪಲಿಲ್ಲ. ಅವನ ಪ್ರಾಣವೂ ಬೇಕು, ಅವನ ಬಾಯಿಂದ ನಾರ್ತಂಬರ್ಲೆಂಡಿನ ಪ್ರಭುವಿನಂಥ ಕಡೇ ಮಾತೂ ಬೇಕು, ಇದೇ ಅಧಿಕಾರಿಗಳ ಅಪೇಕ್ಷೆಯಾಗಿತ್ತು. ಅವನು ಆಡಬೇಕಾದ ಮಾತುಗಳ ಬರಹವನ್ನು ಮುಂಚಿತವಾಗಿಯೇ ಸಿದ್ಧಪಡಿಸಿಟ್ಟರು.

೧೫೫೬ನೇ ಮಾರ್ಚ್ ೨೧, ಶನಿವಾರ ಬೆಳಿಗ್ಗೆ ಮಳೆ ಸುರಿಯುತ್ತಿತ್ತು. ಆದದರಿಂದ ಕಂಬದ ಬಳಿಯಲ್ಲಿ ನಡೆಯಬೇಕಾಗಿದ್ದ ಪ್ರಸಂಗವನ್ನು ಸಂತ ಮೇರಿಯ ದೇವಾಲಯದಲ್ಲಿ ನಡಿಸಿದರು. ಪ್ರಸಂಗಪೀಠದ ಎದುರಿಗೆ ಅಟ್ಟವನ್ನು ಕಟ್ಟಿ, ಹರಕು ಬಟ್ಟೆಯುಟ್ಟ ಅರುವತ್ತಾರು ವರುಷದ ಮುದುಕನನ್ನು ಎಲ್ಲರಿಗೂ ಕಾಣುವಂತೆ ನಿಲ್ಲಿಸಿದರು. ಡಾಕ್ಟರ್ ಕೋಲನೆಂಬವನು, ಪಶ್ಚಾತ್ತಾಪಪಟ್ಟವನಾದರೂ ಇವನು ಯಾಕೆ ಸಾಯಬೇಕೆಂದು ವಿವರಿಸಿ, ಅವನ ಆತ್ಮಕ್ಕಾಗಿ ಆಕ್ಸ್‌ಫರ್ಡಿನ ದೇವಾಲಯಗಳಲ್ಲೆಲ್ಲಾ ಪೂಜೆ ನಡೆಯುವದೆಂದು ಸಮಾಧಾನ ಹೇಳಿದನು. ಮುದುಕನು ಅಳುತ್ತಿದ್ದನು. ಬಳಿಕ ಅವನಿಗೆ ಮಾತಾಡಲು ಅಪ್ಪಣೆಯಾಯಿತು.

ಅವನು ಮೊಣಕಾಲೂರಿ ಪ್ರಾರ್ಥಿಸಿದನು. ಜನರೂ ಅವನೊಂದಿಗೆ ಮೊಣಕಾಲೂರಿದರು. ಎದ್ದು ನಿಂತು, ಸಾಯುವವರು ಲೋಕದವರಿಗೆ ಬುದ್ಧಿ ಹೇಳುವ ವಾಡಿಕೆಯ ಪ್ರಕಾರ ನಾಲ್ಕು ಮಾತುಗಳನ್ನು ಹೇಳಿದನು. ಈ ಲೋಕದ ಮೇಲೆ ಮನಸ್ಸಿಡಬಾರದು. ಅರಸನಿಗೂ ರಾಣಿಗೂ ದೇವರ ಭಯದಿಂದ ವಿಧೇಯರಾಗಬೇಕು. ಅಣ್ಣತಮ್ಮಂದಿರಂತೆ ಅಕ್ಕತಂಗಿಯರಂತೆ ಒಬ್ಬರನ್ನೊಬ್ಬರು ಪ್ರೀತಿಸಬೇಕು. ಐಶ್ವರ್ಯವಂತರು ಬಡವರಿಗೆ ಕೊಡಬೇಕು. ದವಸಧಾನ್ಯದ ಬೆಲೆ ಏರಿದ್ದ ಆ ಕಾಲದಲ್ಲಿ ಬಡವರ ಹಸಿವನ್ನು ಅವನು ಮರೆಯಲಿಲ್ಲ. ಈ ವರೆಗೆ ಎಲ್ಲವೂ ಅಧಿಕಾರಿಗಳ ಮನಸ್ಸಿನಂತೆಯೇ ನಡೆಯಿತು. ಅವನ ಕೈಯಲ್ಲಿದ್ದ ಬರಹದಲ್ಲಿ ಇನ್ನು ಉಳಿದದ್ದು ಒಂದೇ, ತನ್ನ ಮನಸ್ಸಾಕ್ಷಿಯನ್ನು ಬಾಧಿಸುವ ಮಹಾ ಪಾಪವನ್ನು ಅರಿಕೆಮಾಡುವದು. ತಾನು ಹಿಂದೆ ಸಭೆಗೆ ವಿರೋಧವಾಗಿ ಬರೆದ ಪುಸ್ತಕಗಳನ್ನು ಅವನು ಹೆಸರಿಸುವನೆಂದು ಎಲ್ಲರೂ ಕಾದಿದ್ದರು.

ಅವನು ಅರಿಕೆಮಾಡಿದನು. ಆದರೆ ತನ್ನ ಮಹಾ ಪಾಪವೆಂದು ಅವನು ತೋರಿಸಿದ್ದು ಆ ಆರು ಪತ್ರಗಳನ್ನೇ. ಹೃದಯವು ನಂಬಿದ ಸತ್ಯಕ್ಕೆ ವಿರೋಧವಾಗಿ ಕೈ ಬರೆಯಿತೆಂದೂ, ಮರಣಕ್ಕೆ ಹೆದರಿ ಪ್ರಾಣವನ್ನು ಉಳಿಸಿಕೊಳ್ಳುವದಕ್ಕಾಗಿ ಹೀಗೆ ಮಾಡಿದೆನೆಂದೂ, ಅಪರಾಧ ಮಾಡಿದ ಆ ಕೈಯೇ ಮೊದಲು ಬೆಂಕಿಯಲ್ಲಿ ಸುಡಲ್ಪಡುವದೆಂದೂ ಹೇಳಿದನು. ಪೋಪನ ಅಧಿಕಾರವನ್ನು ನಿರಾಕರಿಸಿದನು. ಕರ್ತನ ಭೋಜನದ ವಿಷಯದಲ್ಲಿ ತನ್ನ ಪುಸ್ತಕದಲ್ಲಿ ಬರೆದದ್ದೇ ಸತ್ಯವೆಂದನು. ದೇವಾಲಯದಲ್ಲಿ ಗದ್ದಲವೆದ್ದಿತು. ಅವನನ್ನು ಅಟ್ಟದಿಂದ ಕೆಳಗೆ ಎಳೆದರು. ಅವನು ಕಂಬದ ಕಡೆಗೆ ಎಷ್ಟು ಬೇಗನೆ ನಡೆದನೆಂದರೆ, ಬೈಯುತ್ತಾ ಸಂಗಡ ಹೋಗುತ್ತಿದ್ದ ಸನ್ಯಾಸಿಗಳು ಹಿಂದೆ ಬಿದ್ದರು. ಬೆಂಕಿ ಹತ್ತಿದಾಗ ಬಲಗೈಯನ್ನು ಚಾಚಿ ಉರಿಯೊಳಗೆ ಹಿಡಿದನು. ಒಮ್ಮೆ ಮುಖವನ್ನು ಒರಸಿಕೊಂಡದ್ದು ಹೊರತು ಅದನ್ನು ಹಿಂದಕ್ಕೆ ತೆಗೆಯಲಿಲ್ಲ. ತನ್ನ ಆತ್ಮವನ್ನು ಕರ್ತನಿಗೆ ಒಪ್ಪಿಸಿ ಪ್ರಾಣಬಿಟ್ಟನು. ಇದನ್ನು ಕಂಡು ಬರೆದವರಲ್ಲಿ ರೋಮನ್ ಕಥೋಲಿಕನೊಬ್ಬನೂ ಇದ್ದನು. ಅವನು ಕ್ರಾನ್ಮರನ ಮತವನ್ನು ತಪ್ಪೆಂದು ಎಣಿಸಿದರೂ ಅವನ ತಾಳ್ಮೆಯನ್ನು ಹೊಗಳದೆ ಇರಲಾರದೆ ಹೋದನು.

ಸರಕಾರದವರು ಆ ಆರು ಪತ್ರಗಳನ್ನೂ, ಕಡೇ ಮಾತೆಂದು ತಾವು ನಿರೀಕ್ಷಿಸಿದ್ದ ಬರಹವನ್ನೂ ಅಚ್ಚುಹಾಕಿಸಿದರು. ಆದರೆ ದೇವಾಲಯ ತುಂಬಾ ಇದ್ದ ಜನರ ಕಿವಿಗಳನ್ನು ಅಚ್ಚುಮೊಳೆಗಳಿಂದ ಮುಚ್ಚಲು ಆಗಲಿಲ್ಲ. ಮೇರಿಯ ಆಳಿಕೆಯಲ್ಲಿ ಸುಮಾರು ೨೮೦ ಮಂದಿ ಸುಡಲ್ಪಟ್ಟರು; ಅವರಲ್ಲಿ ಹೆಚ್ಚಿನವರು ಕೈಕೆಲಸದವರೂ ಒಕ್ಕಲಿಗರೂ ಆಗಿದ್ದರು, ಹೆಂಗಸರೂ ಇದ್ದರು. ೧೫೫೮ರಲ್ಲಿ ಮೇರಿಯು ತೀರಿಹೋಗಿ, ಆನ್ ರಾಣಿಯ ಮಗಳಾದ ಎಲಿಜಬೆತಳು ಪಟ್ಟಕ್ಕೆ ಬಂದಳು. ೧೫೫೯ರಲ್ಲಿ ಕ್ರಾನ್ಮರನ ಪ್ರಾರ್ಥನೆಯ ಪುಸ್ತಕವು ಸ್ವಲ್ಪ ತಿದ್ದುಪಾಟಿನೊಡನೆ ತಿರಿಗಿ ಸಭೆಗಳಿಗೆ ಬಂತು.

ಮೊದಲು ಕೇಳಿದ ಪ್ರಶ್ನೆಗೆ ಈಗ ಬರುತ್ತೇವೆ. ದಂಡನೆ ಹೊಂದುವವನ ಕಡೇ ಮಾತು ಬಹಳ ಸಾರಿ ಅವನದಾಗಿರುವದಿಲ್ಲ. ಅದರ ಆರಂಭವೂ ಕೊನೆಯೂ ಮುಂಚಿತವಾಗಿಯೇ ನೇಮಕವಾಗಿರುತ್ತವೆ. ಮಕ್ಕಳ ಚಿಂತೆಯೂ ಪ್ರಾಣಭಯವೂ ಅವನ ನಾಲಿಗೆಯನ್ನು ಹಿಡಿದಿರುತ್ತವೆ. ಆದದರಿಂದ ಅಂಥವನು ತಪ್ಪೊಪ್ಪಿಕೊಂಡನೆಂದು ಕೇಳಿದ ಕೂಡಲೆ ಅವನನ್ನು ಅಪರಾಧಿಯೆಂದು ತೀರ್ಮಾನಿಸಬಾರದು, ಬಲಹೀನನೆಂದು ಹಳಿಯಲೂ ಬಾರದು. ಸಾಲಕೊಟ್ಟವನ ಜಗಲಿಯಲ್ಲಿ ಓದುಬಾರದವನು ಒತ್ತಿದ ಹೆಬ್ಬೆಟ್ಟು ಅವನ ಮನಸ್ಸನ್ನು ತೋರಿಸುವದೋ? ನಮ್ಮಲ್ಲಿ ಯಾರಿಗೆ ಇದು ತಿಳಿಯದು? ಕ್ರಾನ್ಮರನು ಮೊದಲೇ ಧೈರ್ಯದಿಂದ ನಿಂತಿದ್ದರೆ ರಿಡ್ಲಿಯಂತೆ ಅವನ ಬಾಯಿಯನ್ನೂ ಮುಚ್ಚುತ್ತಿದ್ದರು. ಬಿದ್ದವನೆಂದು ಎಣಿಸಿದ್ದರಿಂದಲೇ ಅವನಿಗೆ ಮಾತಾಡಲು ಅಟ್ಟವನ್ನು ಕಟ್ಟಿಕೊಟ್ಟರು. ಅವನ ಬೀಳುವಿಕೆಯನ್ನು ನಾವು ಒಳ್ಳೇದೆಂದು ಹೇಳುವದಿಲ್ಲ. ಆದರೆ ದೇವರು ಅದನ್ನು ಸಹ ವ್ಯರ್ಥಮಾಡಲಿಲ್ಲ.

ಹುಂಜ ಕೂಗಿದಾಗ ಹೊರಗೆ ಹೋಗಿ ಅತ್ತ ಪೇತ್ರನನ್ನು ಕರ್ತನು ತಳ್ಳಿಬಿಡಲಿಲ್ಲವಷ್ಟೆ. ನಮ್ಮ ಸಭೆಗಳಲ್ಲಿಯೂ ಬಂಧುಗಳ ಕಾಟಕ್ಕೋ ಊರವರ ಬಹಿಷ್ಕಾರಕ್ಕೋ ಹೆದರಿ, ಬಾರದ ಮಾತನ್ನು ಬಾಯಿಂದ ಆಡಿ, ನಾಚಿಕೆಯಿಂದ ಆರಾಧನೆಗೆ ಬಾರದೆ ದೂರವಿರುವವರು ಇರಬಹುದು. ಅಂಥವರ ಮನೆಯ ಬಾಗಿಲನ್ನು ನಾವು ಎಷ್ಟು ಸಾರಿ ತಟ್ಟಿದ್ದೇವೆ? ಅವರು ಕಡೇ ಗಳಿಗೆಯ ವರೆಗೆ ಕಾಯಬೇಕಾಗಿಲ್ಲ. ಆಡಿದ ಮಾತನ್ನು ಹಿಂತೆಗೆದುಕೊಳ್ಳಲು ಬೆಂಕಿಯೂ ಬೇಕಾಗಿಲ್ಲ. ಈ ಭಾನುವಾರ ಅವರು ಬಂದರೆ, ಅವರು ಎಲ್ಲಿದ್ದರೆಂದು ಕೇಳದೆ, ಚಾಪೆಯ ಮೇಲೆ ನಮ್ಮ ಪಕ್ಕದಲ್ಲಿ ಸ್ಥಳ ಮಾಡಿಕೊಡೋಣ.